ಹಾಡು ಕೇಳಬಾರದ ಕುರ್ಚಿ

ಇಂಗ್ಲೆಂಡಿನ ಮೆಡ್ವೇ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ರೆಕಾರ್ಡ್ ಕಾರ್ಖಾನೆಯಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಆಗಲೇ ಬೀದಿಗೆ ಬಂದಿದೆ. ಬೆರಿಲ್ ಹಾಗ್ಬೆನ್ ಕೋಟನ್ನು ಮೊಳೆಗೆ ತಗುಲಿಸಿ, ಅಚ್ಚಿನಿಂದ ಆಗತಾನೇ ಬಂದ ರೆಕಾರ್ಡೊಂದನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡುತ್ತಾರೆ. ಗೀರಿಲ್ಲ. ಪ್ಲೇಯರಿನ ಮುಳ್ಳನ್ನು ಅದರ ಮೇಲೆ ಇಳಿಸಿ, ಹೆಡ್‌ಫೋನ್ ಏರಿಸಿ, ಚೀಲದಿಂದ ಹೆಣಿಗೆ ತೆಗೆಯುತ್ತಾರೆ.

ಪ್ರತಿ ಕಟ್ಟಿನಿಂದ ಒಂದು ರೆಕಾರ್ಡ್ ಎತ್ತಿ ಪೂರ್ತಿ ಕೇಳುವುದು, ಎಲ್ಲಾದರೂ ‘ಟಿಕ್’ ಎಂದರೆ ಇಡೀ ಕಟ್ಟನ್ನೇ ತಡೆಯುವುದು ಅವರ ಕೆಲಸ. ದಿನವಿಡೀ ಹಾಡು ಕೇಳುವ ಪುಣ್ಯವಂತೆ ಎಂದು ಬಸ್ಸಿನಲ್ಲಿ ಯಾರಾದರೂ ಅಂದರೆ ನಕ್ಕುಬಿಡುತ್ತಾರೆ.

"ಹಾಡು ಕೇಳಿದ್ರೆ ಕೆಲಸ ಕೆಡುತ್ತೆ ಕಣ್ರೀ. ಅದರ ಹಿಂದೆ ಹೋದ್ರೆ ಟಿಕ್ಕು ತಪ್ಪಿಹೋಗುತ್ತೆ. ಅದಕ್ಕೇ ಈ ಹೆಣಿಗೆ. ಮನಸ್ಸು ಕುಣಿಕೆ ಎಣಿಸ್ತಿರ್ಲಿ, ಕಿವಿ ಕಾಯ್ತಿರ್ಲಿ ಅಂತ."

ಈ ಕುರ್ಚಿ ಅವರಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಒಂಬತ್ತು ವರ್ಷ ಅಚ್ಚಿನ ಯಂತ್ರದ ಮುಂದೆ ನಿಂತಿದ್ದಾರೆ. ಬೆರಳ ತುದಿಗಳು ಸುಟ್ಟು ನುಣುಪಾಗಿವೆ. ಗಂಡನಿಗೆ ಹಡಗುಕಟ್ಟೆಯಲ್ಲಿ ರಾತ್ರಿ ಪಾಳಿ. ಇವರು ಹೊರಡುವಾಗ ಅವರು ಬಾಗಿಲಲ್ಲಿ ಸಿಗುತ್ತಾರೆ, ಮಕ್ಕಳನ್ನು ಎಬ್ಬಿಸುವ ಕೆಲಸ ಅಲ್ಲೇ ಕೈ ಬದಲಾಗುತ್ತದೆ. ಕಾಲು ಊದಿಕೊಳ್ಳತೊಡಗಿದ ಮೇಲೆ ಕುರ್ಚಿ ಬಂತು. ಇದು ಹೋದರೆ ಮತ್ತೆ ದಿನವಿಡೀ ನಿಲ್ಲುವ ಪ್ಯಾಕಿಂಗ್ ವಿಭಾಗವೇ ಗತಿ.

ಈ ಚಳಿಗಾಲದಲ್ಲಿ ಕ್ಯಾಂಟರ್‌ಬರಿಯ ನಾಲ್ವರು ಉದ್ದಗೂದಲಿನ ಹುಡುಗರ ‘ಚಾವಣಿ ಮೇಲಿನ ಮೀನು’ ಎಂಬ ರೆಕಾರ್ಡ್ ಬರುತ್ತದೆ. ಒಂದು ಬದಿಗೆ ಒಂದೇ ಹಾಡು. ಪಕ್ಕದ ಕುರ್ಚಿಯ ಕ್ವೀನಿ ಒಂದು ಸಲ ಕೇಳಿಯೇ ಕೈಮುಗಿಯುತ್ತಾರೆ: "ಯಾರೋ ಪಾತ್ರೆ ಸಮೇತ ಮೆಟ್ಟಿಲಿಂದ ಉರುಳಿದಂಗಿದೆ ಮಾರಾಯ್ತಿ. ನೀನೇ ಇಟ್ಕೋ."

ಬೆರಿಲ್‌ಗೂ ಮೊದಮೊದಲು ಹಾಗೇ ಅನಿಸಿತ್ತು. "ಆಮೇಲೆ ಒಂದಿನ ಗೊತ್ತಾಯ್ತು. ಆರ್ಗನ್ನು ಒಂದು ದಾರಿ ಹಿಡಿಯುತ್ತೆ, ಸ್ಯಾಕ್ಸೊಫೋನು ಇನ್ನೊಂದು. ಜಗಳ ಆಡ್ಕೊಂಡು ಹೋದ ಗಂಡ ಹೆಂಡ್ತಿ ಥರ. ಇನ್ನು ಮುಗೀತು ಅನ್ನೋವಾಗ ಇಬ್ರೂ ಒಂದೇ ಬಸ್‌ಸ್ಟಾಪಲ್ಲಿ ಸಿಗ್ತಾರೆ. ಅಲ್ಲಿ ಡ್ರಮ್ಮು ಸುಮ್ಮನಾಗುತ್ತೆ. ನೀರೊಳಗೆ ಕೂತು ಬೆಳಕು ನೋಡ್ದಂಗಿರುತ್ತೆ."

ಆ ಸುಮ್ಮನಾಗುವ ಜಾಗದಲ್ಲೇ ಟಿಕ್ ಒಂದು ಅವರ ಕಿವಿ ದಾಟಿ ಅಂಗಡಿ ಸೇರುತ್ತದೆ. ಪೆಟ್ಟಿಗೆಗಳು ವಾಪಸ್ಸು ಬರುತ್ತವೆ. ಮೇಲ್ವಿಚಾರಕ ಪಿಲ್ಚರ್ ದನಿ ಎತ್ತುವ ಮನುಷ್ಯರಲ್ಲ. "ಇನ್ನೊಂದು ಸಲ ಹಿಂಗಾದ್ರೆ ಪ್ಯಾಕಿಂಗಿಗೇ ಕಳಿಸ್ಬೇಕಾಗುತ್ತಮ್ಮ" ಎಂದಷ್ಟೇ ಹೇಳುತ್ತಾರೆ. ಬೆರಿಲ್ ಹೆಣಿಗೆ ತೆಗೆದು ನೋಡುತ್ತಾರೆ. ಮಗನ ಸ್ವೆಟರಿನ ತೋಳು ಒಂದು ಗೇಣು ಸರಿಯಾಗಿದೆ. ಆಮೇಲೆ ಎರಡು ಸೀದಾ ಎರಡು ಉಲ್ಟಾ ಕುಣಿಕೆಯ ಕ್ರಮ ಹೋಗಿ, ಆ ಹುಡುಗರ ತಾಳದಂತೆಯೇ ಏಳೇಳರ ಲೆಕ್ಕಕ್ಕೆ ತಿರುಗಿದೆ. ಮುಂದೆ ಸಾಲುಗಟ್ಟಲೆ ಕುಣಿಕೆಗಳೇ ಬಿಟ್ಟುಹೋಗಿವೆ.

ಮರುದಿನ ಬೆರಿಲ್ ತಾವಾಗಿಯೇ ಪಿಲ್ಚರ್ ಬಳಿ ಹೋಗುತ್ತಾರೆ.

"ಆ ರೆಕಾರ್ಡು ಕ್ವೀನಿಗೆ ಕೊಟ್ಬಿಡಿ ಸರ್. ನನ್ನ ಕೈಲಾಗಲ್ಲ."

"ಯಾಕೆ, ತಲೆನೋವು ಬರುತ್ತಾ?"

"ಇಲ್ಲ ಸರ್. ಇಷ್ಟ ಆಗ್ಬಿಟ್ಟಿದೆ."

ಪಿಲ್ಚರ್ ಪಟ್ಟಿಯಲ್ಲಿ ಬೆರಿಲ್ ಹೆಸರು ಹೊಡೆದು ಕ್ವೀನಿಯ ಹೆಸರು ಬರೆಯುತ್ತಾರೆ.

ಅಂದಿನಿಂದ ಬೆರಿಲ್ ಪಾಲಿಗೆ ಬ್ಯಾಂಡ್‌ಸೆಟ್ಟು, ಚರ್ಚಿನ ಭಜನೆಯ ರೆಕಾರ್ಡುಗಳು. ಕುರ್ಚಿ ಉಳಿದಿದೆ, ತೋಳನ್ನು ಬಿಚ್ಚಿ ಹೊಸದಾಗಿ ಹೆಣೆಯುತ್ತಿದ್ದಾರೆ. ಕ್ವೀನಿಯ ಕಿವಿಯಿಂದ ಒಂದು ಟಿಕ್ಕೂ ತಪ್ಪಿಸಿಕೊಳ್ಳುವುದಿಲ್ಲ. ಹೆಡ್‌ಫೋನಿನಿಂದ ಒಂದು ಚೂರೂ ಹೊರಗೆ ಕೇಳಿಸದಿದ್ದರೂ, ಹಾಡು ಎಲ್ಲಿಗೆ ಬಂತೆಂದು ಬೆರಿಲ್‌ಗೆ ತಿಳಿಯುತ್ತದೆ. ಕ್ವೀನಿ ಮೂಗು ಮುರಿದರೆ ಸ್ಯಾಕ್ಸೊಫೋನ್ ಬಂದಿದೆ. ಹುಬ್ಬು ಗಂಟಿಕ್ಕಿದರೆ ಆರ್ಗನ್. ಉಸಿರು ಬಿಟ್ಟು ಭುಜ ಇಳಿಸಿದರೆ, ಬಸ್‌ಸ್ಟಾಪು.

"ಏನೇ ಹಂಗೆ ನೋಡ್ತೀಯ, ನನ್ ಮುಖದ ಮೇಲೇನು ಮುಳ್ಳು ಓಡ್ತಿದ್ಯಾ?" ಎಂದು ಕ್ವೀನಿ ಗದರುತ್ತಾರೆ.

ಬೆರಿಲ್‌ಗೆ ಒಂದೇ ಆಸೆ. ಯಾವುದಾದರೂ ಭಾನುವಾರ ಅಪ್ಪ ಮಕ್ಕಳು ಫುಟ್‌ಬಾಲಿಗೆ ಹೋದಾಗ, ಮನೆಯಲ್ಲಿ ಆ ರೆಕಾರ್ಡ್ ಹಾಕಿಕೊಂಡು ಕೂರಬೇಕು. ಕೈಯಲ್ಲಿ ಹೆಣಿಗೆಯ ಸೂಜಿ ಇರಬಾರದು.

ಟಿಕ್ ಬಂದರೆ?

"ಬರ್ಲಿ ಬಿಡಿ. ಅವತ್ತು ಅದು ನನ್ನ ಕೆಲಸ ಅಲ್ಲ."