ಕೊನೆಯಲ್ಲಿ ಬರುವ ಕೆಲಸ

ನನ್ನ ಅತ್ತಿಗೆಯ ಕೆಲಸ ಕೊನೆಯಲ್ಲಿ ಬರುವುದು. ಹೀಗೆಂದರೆ ಯಾರಿಗೂ ಅರ್ಥವಾಗುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಮ್ಮ ಊರಿನ ಬೆನ್ನಿಗೇ ಬೆಟ್ಟಗಳು, ಬೆಟ್ಟದ ತುಂಬ ಕಾಡು, ಕಾಡಿನೊಳಗೆ ಒಂದರ ಕೆಳಗೊಂದು ಮೂರು ಕೆರೆ. ದುಡ್ಡು ಕೊಟ್ಟು ಮೈ ನೋಯಿಸಿಕೊಳ್ಳುವ ಆಸೆಯಿರುವವರು ಪಟ್ಟಣಗಳಿಂದ ಬಂದು ಅಲ್ಲಿ ಸೈಕಲ್ ತುಳಿಯುತ್ತಾರೆ. ಬೆಳಗ್ಗೆ ನಾನು ಅವರನ್ನು ವ್ಯಾನಿನಲ್ಲೂ ಅವರ ಸೈಕಲ್‌ಗಳನ್ನು ಹಿಂದಿನ ಟ್ರೇಲರಿನಲ್ಲೂ ಹೇರಿಕೊಂಡು ಹೋಗಿ ಮೇಲಿನ ಕೆರೆಯ ಹತ್ತಿರ ಇಳಿಸುತ್ತೇನೆ. ಮುಂದೆ ಒಬ್ಬ ಗೈಡ್ ದಾರಿ ತೋರಿಸುತ್ತಾ ಹೋಗುತ್ತಾನೆ. ಎಲ್ಲರಿಗಿಂತ ಹಿಂದೆ ಅತ್ತಿಗೆ. ಬಿದ್ದವರನ್ನು ಎಬ್ಬಿಸುವುದು, ಪಂಕ್ಚರ್ ಹಾಕುವುದು, ಅಡ್ಡದಾರಿ ಹಿಡಿದವರನ್ನು ಕೂಗಿ ಕರೆಯುವುದು ಎಲ್ಲ ಅವರದೇ. ಆದರೆ ಮುಖ್ಯವಾದದ್ದು ಒಂದೇ, ತಮ್ಮ ಹಿಂದೆ ಯಾರೂ ಉಳಿಯದಂತೆ ನೋಡಿಕೊಳ್ಳುವುದು. ಹಾಗಾಗಿ ಕೆಲಸದ ಜಾಗದಲ್ಲಿ ಎಲ್ಲರಿಗೂ ಅವರು ಕೊನೆಯಕ್ಕ.

ಸಂಜೆ ನಾನು ಕೆಳಗಿನ ಕೆರೆಯ ದಡದಲ್ಲಿ ವ್ಯಾನ್ ನಿಲ್ಲಿಸಿಕೊಂಡು ಕಾಯುತ್ತೇನೆ. ಕಾಯುವುದೆಂದರೆ ನನಗೆ ಮೊದಲಿಂದಲೂ ಆಗಿಬರುವುದಿಲ್ಲ, ನನ್ನ ಪಾಲಿಗೆ ಬಂದದ್ದು ಅದೇ. ಮೊದಲು ಹುಡುಗರು ಬರುತ್ತಾರೆ, ಬೆಟ್ಟವನ್ನು ತಾವೇ ಕಟ್ಟಿದವರ ಹಾಗೆ ಗಲಾಟೆ ಮಾಡುತ್ತಾ. ಆಮೇಲೆ ಗಂಡ ಹೆಂಡತಿಯರು, ಅರ್ಧ ಜನ ಮುನಿಸಿಕೊಂಡು. ಸೀಟಿಗೆಲ್ಲ ಕೆಸರು ಬಳಿಯುತ್ತಾರೆ, ಫೋಟೋ ತೆಗೆಯಿರಿ ಎಂದು ನನ್ನ ಜೀವ ತಿನ್ನುತ್ತಾರೆ. ಮರಗಳ ಸಂದಿಯಿಂದ ಅತ್ತಿಗೆ ಕಂಡರೆಂದರೆ ಮುಗಿಯಿತು. ತಲೆ ಎಣಿಸುವ ಗೋಜೇ ಇಲ್ಲ. ಟ್ರೇಲರಿನ ಕೊಂಡಿ ಹಾಕಿ ಎಂಜಿನ್ ಶುರು ಮಾಡುತ್ತೇನೆ.

ಪ್ರತಿ ಗುಂಪಿನಲ್ಲೂ ಹಿಂದೆ ಬೀಳುವವರು ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಕಾಲು ನೋವಿಗಿಂತ ಮರ್ಯಾದೆಯ ಚಿಂತೆ ದೊಡ್ಡದು. ನನ್ನಿಂದ ಎಲ್ಲರಿಗೂ ತಡವಾಯಿತಲ್ಲ ಎಂದು ಒಳಗೊಳಗೇ ಕುಗ್ಗಿಹೋಗಿರುತ್ತಾರೆ. ಸುಧಾರಿಸಿಕೊಳ್ಳಿ ಎಂದರೆ ಇನ್ನಷ್ಟು ರೋಷಕ್ಕೆ ಬಿದ್ದು ತುಳಿಯುತ್ತಾರೆ, ಮುಂದಿನ ತಿರುವಿನಲ್ಲಿ ಮುಗ್ಗರಿಸುತ್ತಾರೆ. ಅತ್ತಿಗೆ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ಮುಂದಿನವರ ಉಸಿರು ಕಟ್ಟುತ್ತಿದೆ ಅನ್ನಿಸಿದ ಕೂಡಲೇ ತಾವೇ ಇಳಿದುಬಿಡುವುದು. "ಒಂದು ನಿಮಿಷ ನಿಲ್ತೀರಾ? ನನ್ನ ಚೈನು ಯಾಕೋ ಕಟಕಟ ಅಂತಿದೆ," ಎಂದು ಕೂತು ಚೆನ್ನಾಗಿರುವ ಚೈನನ್ನು ಬಿಚ್ಚಿ ಮತ್ತೆ ಹಾಕುವುದು. ಚೈನಲ್ಲದಿದ್ದರೆ ಬ್ರೇಕು, ಬ್ರೇಕಲ್ಲದಿದ್ದರೆ ಶೂ ಲೇಸು. ಇಷ್ಟರಲ್ಲಿ ಆ ಮನುಷ್ಯನಿಗೆ ಉಸಿರು ಬರುತ್ತದೆ, ನೀರು ಕುಡಿಯುತ್ತಾನೆ, ಪಾಪ ಈ ಹೆಂಗಸಿಗೆ ಎಂಥ ಡಕೋಟ ಸೈಕಲ್ ಕೊಟ್ಟಿದ್ದಾರೆ ಎಂದು ಮರುಗುತ್ತಾನೆ. ಕೆಳಗೆ ಬಂದಾಗ ತಾನೇ ಅವರನ್ನು ಕಾಪಾಡಿದವನ ಹಾಗೆ ಎದೆ ಉಬ್ಬಿಸಿಕೊಂಡಿರುತ್ತಾನೆ. ನಾನು ನಗು ತಡೆದುಕೊಳ್ಳಲು ಕೆರೆಯ ಕಡೆ ತಿರುಗಿ ನಿಲ್ಲುತ್ತಿದ್ದೆ.

ಆದರೆ ಮಂಡಿ ಯಾರ ಉಪಾಯವನ್ನೂ ಕೇಳುವುದಿಲ್ಲ. ಈಚೆಗೆ ಅತ್ತಿಗೆ ನಿಲ್ಲುತ್ತಿದ್ದದ್ದು ಮುಂದಿನವರಿಗಾಗಿಯೋ ತಮಗಾಗಿಯೋ ಎಂದು ಹೇಳುವುದೇ ಕಷ್ಟವಾಗಿತ್ತು. ವ್ಯಾನಿನ ಮೆಟ್ಟಿಲು ಹತ್ತುವಾಗ ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ನನ್ನ ಅಣ್ಣ ಟೈಲರ್. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವನು, ನಾವು ಬಂದ ಸದ್ದಾದರೆ ಪ್ಯಾಂಟನ್ನು ಅರ್ಧಕ್ಕೇ ಬಿಟ್ಟು ಬಿಸಿನೀರಿನ ಚೀಲ ತುಂಬಿಸಲು ಏಳುತ್ತಿದ್ದ. ಅತ್ತಿಗೆ ಗೋಡೆಗೊರಗಿ ಕಾಲು ಚಾಚಿದರೆ ಊಟಕ್ಕೆ ಏಳಲೂ ಬೇಜಾರು.

"ನಾನು ಹೇಳಿದ್ರೆ ಸೊಪ್ಪು ಹಾಕಲ್ಲ. ನೀನಾದ್ರೂ ಹೇಳೋ," ಎಂದು ಅಣ್ಣ ನನಗೆ ದುಂಬಾಲು ಬಿದ್ದಿದ್ದ.

ಹೇಳಿದೆ. "ಆಫೀಸಲ್ಲಿ ಕೌಂಟರ್ ಖಾಲಿ ಇದೆಯಂತೆ ಅತ್ತಿಗೆ. ಫ್ಯಾನ್ ಕೆಳಗೆ ಕೂತು ಹೆಲ್ಮೆಟ್ ಕೊಡೋದು, ಇಸ್ಕೊಳ್ಳೋದು, ಅಷ್ಟೇ."

"ಬೇರೆಯೋರ ಬೆವರು ಒರೆಸ್ಕೊಂಡು ಕೂರಬೇಕಾ?" ಎಂದರು. "ಕಾಡಲ್ಲಿ ನಾನಿಲ್ಲದಿದ್ರೆ ಒಬ್ಬರಲ್ಲ ಒಬ್ಬರು ಹಿಂದೆ ಉಳಿದು ಅಳ್ತಾರೆ. ಕೌಂಟರಲ್ಲಿ ನಾನಿಲ್ಲದಿದ್ರೆ ಯಾರು ಅಳ್ತಾರೆ ಹೇಳು."

ಅಷ್ಟರಲ್ಲಿ ನಮ್ಮ ಮಾಲೀಕರಿಗೆ ಕರುಣೆ ಉಕ್ಕಿತು. ಮನುಷ್ಯ ಒಳ್ಳೆಯವರೇ, ಆದರೆ ಒಳ್ಳೆಯತನಕ್ಕೂ ಸ್ವಲ್ಪ ನಿಧಾನ ಬೇಕು. ಬಂದುಹೋದವರೆಲ್ಲ ಒಂದೇ ಮಾತು ಹೇಳುತ್ತಿದ್ದರಂತೆ, ಹಿಂದೆ ಬರುವ ಅಕ್ಕ ಬಂಗಾರದಂಥವರು, ಅವರ ಸೈಕಲ್ ಮಾತ್ರ ದಿನಾ ಕೈಕೊಡುತ್ತದೆ ಎಂದು. ಮಾಲೀಕರು ನಾಚಿಕೊಂಡು, ಯಾರನ್ನೂ ಕೇಳದೆ, ಹೊಚ್ಚಹೊಸ ಬ್ಯಾಟರಿ ಸೈಕಲ್ ತರಿಸಿಬಿಟ್ಟರು. ಗುಂಡಿ ಒತ್ತಿದರೆ ಮೋಟಾರೇ ಏರು ಹತ್ತಿಸುತ್ತದೆ. ಕೈಯಾರೆ ಕೀಲಿ ಕೊಟ್ಟು, "ಇನ್ನು ನಿಮಗೆ ಆಯಾಸವೇ ಇರಲ್ಲ ಅಕ್ಕ," ಎಂದರು. ಚೈನಿನ ಗುಟ್ಟು ಹೇಳಿದರೆ ಇಷ್ಟು ದಿನದ ಅತಿಥಿಗಳ ಮಾನ ತೆಗೆದಂತೆ. ಅತ್ತಿಗೆ ಕೀಲಿ ಇಸಿದುಕೊಂಡರು. ಮನೆಗೆ ಬಂದು ಇದನ್ನು ಹೇಳಿದಾಗ ಅಣ್ಣ ನಕ್ಕು ನಕ್ಕು ಬಾಯಲ್ಲಿದ್ದ ಗುಂಡುಸೂಜಿ ಬೀಳಿಸಿಕೊಂಡ. ಮತ್ತೆ, "ಹೋಗಲಿ, ಮಂಡಿ ಉಳೀತಲ್ಲ," ಎಂದು ನಿಟ್ಟುಸಿರು ಬಿಟ್ಟ.

ಆ ಬ್ಯಾಟರಿ ಚಾರ್ಜ್ ಮಾಡುವ ಕೆಲಸವೂ ನನ್ನ ತಲೆಗೇ ಬಂತು. ಮೊದಲ ವಾರ ಸಂಜೆ ಹೊತ್ತಿಗೆ ಖಾಲಿಯಾಗಿರುತ್ತಿತ್ತು. ಆಮೇಲೆ ನೋಡಿದರೆ ದಿನವೂ ತುಂಬಿದ್ದು ತುಂಬಿದ ಹಾಗೇ ವಾಪಸು. ಕೆಟ್ಟಿದೆಯೇನೋ ಎಂದು ನಾನೇ ಶೆಡ್ಡಿನ ಹಿಂದೆ ಒಂದು ಸುತ್ತು ಹೊಡೆದೆ, ಕುದುರೆಯ ಹಾಗೆ ಓಡಿತು. ಅಂದರೆ ಅತ್ತಿಗೆ ಮೋಟಾರು ಹಾಕುತ್ತಲೇ ಇರಲಿಲ್ಲ. ಮೊದಲಿನದರ ಎರಡರಷ್ಟು ತೂಕದ ಆ ಕಬ್ಬಿಣದ ಹೆಣವನ್ನು ಬರೀ ಕಾಲಲ್ಲಿ ತುಳಿದುಕೊಂಡು ಬರುತ್ತಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಏನತ್ತಿಗೆ ಇದು? ಕಾಲು ಬೇಡವಾಗಿದ್ರೆ ಹೇಳಿಬಿಡಿ."

ಅವರು ಶೆಡ್ಡಿನ ಕಟ್ಟೆಯ ಮೇಲೆ ಕೂತು ಶೂ ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಮೋಟಾರು ಹಾಕಿದ್ರೆ ನನಗೆ ಏದುಸಿರೇ ಬರಲ್ಲ ಕಣೋ. ಮುಂದಿರೋರು ತಿರುಗಿ ನೋಡಿದ್ರೆ ನಾನು ಆರಾಮಾಗಿ ಕೂತಿರ್ತೀನಿ. ಅವರ ಮುಖ ನೋಡೋಕಾಗಲ್ಲ. ಹಿಂದೆ ಇನ್ನೊಬ್ಬರಿಗೂ ಜೀವ ಬಾಯಿಗೆ ಬಂದಿದೆ ಅಂತ ಗೊತ್ತಾದ್ರೆ ತಾನೇ ಅವರಿಗೆ ಧೈರ್ಯ?"

"ನಿಮಗೆ ಧೈರ್ಯ ಯಾರು ಕೊಡ್ತಾರೆ?" ಎಂದೆ. ಅಣ್ಣನಿಗೆ ಹೇಳಬೇಡ ಎಂದರು, ನಾನು ಹೇಳಲಿಲ್ಲ. ಮನೆಯಲ್ಲಿ ಅಣ್ಣ ಬ್ಯಾಟರಿ ಸೈಕಲ್ಲನ್ನು ಹೊಗಳುತ್ತಾ ಮಂಡಿಗೆ ಶಾಖ ಕೊಡುವಾಗ ನಾನು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದೆ. ಮೂವರಿಗೂ ದಣಿವು, ಒಬ್ಬೊಬ್ಬರದು ಒಂದೊಂದು ತರಹ.

ಹೀಗೇ ದಿನ ತಳ್ಳುತ್ತಿರುವಾಗ ಕನ್ನಡಕದ ಅಂಗಡಿಯವರೊಬ್ಬರು ಬಂದರು. ದಪ್ಪನೆಯ ಮನುಷ್ಯ, ಮಾತಿಗೊಮ್ಮೆ ಕ್ಷಮಿಸಿ ಎನ್ನುವ ಸ್ವಭಾವ. ಮಗಳು ಅಳಿಯ ಬಲವಂತ ಮಾಡಿ ಕರೆತಂದಿದ್ದರು. ವ್ಯಾನಿನಲ್ಲಿ ಕೂರುವಾಗಲೇ ಪಕ್ಕದವರಿಗೆ ಜಾಗ ಸಾಲದೆಂದು ಒಂದು ಕಾಲನ್ನು ಹೊರಗೇ ಇಟ್ಟುಕೊಂಡಿದ್ದರು. ಇವತ್ತು ಅತ್ತಿಗೆಯ ಕಥೆ ಮುಗಿಯಿತು ಎಂದುಕೊಂಡೆ.

ಸಂಜೆ ಹುಡುಗರು ಬಂದರು. ಮಗಳೂ ಅಳಿಯನೂ ಬಂದು ನೀರಿಗೆ ಕಲ್ಲು ಎಸೆಯುತ್ತಾ ನಿಂತರು. ಬಿಸಿಲು ಎದುರು ದಡದ ಮರಗಳ ತುದಿಗೆ ಹೋಯಿತು. ಕೊನೆಗೆ ಅತ್ತಿಗೆ ಕಂಡರು. ಎಂದಿನಂತೆ ಕೊಂಡಿ ಹಾಕಿ ಎಂಜಿನ್ ಶುರು ಮಾಡಿದೆ.

ಅತ್ತಿಗೆ ಹತ್ತಿರ ಬಂದು ಸೈಕಲ್ಲನ್ನು ವ್ಯಾನಿಗೆ ಒರಗಿಸಿದರು. ಬ್ಯಾಟರಿಯ ದೀಪ ಕೆಂಪಗಿತ್ತು, ಅಂದರೆ ಖಾಲಿ.

"ಆಫ್ ಮಾಡು," ಎಂದರು. "ಇನ್ನೊಬ್ಬರಿದ್ದಾರೆ."

ನನ್ನ ತಲೆಗೆ ತಕ್ಷಣ ಹೋಗಲಿಲ್ಲ. ಇಷ್ಟು ವರ್ಷದಲ್ಲಿ ಅವರ ಹಿಂದೆ ಇನ್ನೊಬ್ಬರು ಅನ್ನುವುದೇ ಇರಲಿಲ್ಲ. ಅತ್ತಿಗೆ ಆಗಲೇ ಬಂದ ದಾರಿಗೆ ತಿರುಗಿದ್ದರು. ನಾಲ್ಕು ಹೆಜ್ಜೆ ಏರಿದರು, ಮಂಡಿ ಬಗ್ಗಲಿಲ್ಲ, ಪಕ್ಕದ ಮರವನ್ನು ತಬ್ಬಿಕೊಂಡು ನಿಂತರು. ನಾನು ಅವರನ್ನು ಕಲ್ಲಿನ ಮೇಲೆ ಕೂರಿಸಿ ಮೇಲಕ್ಕೆ ಓಡಿದೆ.

ಕನ್ನಡಕದವರು ಕೊನೆಯ ಏರು ದಾಟಿದ ಜಾಗದಲ್ಲಿ ಒಂದು ಬೇರಿನ ಮೇಲೆ ಕೂತಿದ್ದರು. ಮೊಣಕೈ ತರಚಿತ್ತು, ಮುಖ ಬಿಳಿಚಿತ್ತು. ಕತ್ತಲಾದರೆ ಏನು ಗತಿ ಎಂದು ಹೆದರಿದ್ದು ಕಣ್ಣಲ್ಲೇ ಕಾಣುತ್ತಿತ್ತು. ಆದರೂ ನನ್ನನ್ನು ಕಂಡವರು ಮೊದಲು ಹೇಳಿದ್ದು, "ಕ್ಷಮಿಸಿ."

"ಆ ಅಕ್ಕನ ತಪ್ಪೇನೂ ಇಲ್ಲ. ಹಿಂದೆ ಮೋಟಾರಿನ ಸದ್ದು ಕೇಳಿಸ್ತು. ಪಾಪ ಮುಂದೆ ಹೋಗಬೇಕೇನೋ, ನಾನೇ ಅಡ್ಡ ಅಂತ ಪಕ್ಕಕ್ಕೆ ನಿಂತು ಹೋಗಿ ಹೋಗಿ ಅಂದೆ. ಎರಡು ಸಲ ಬೇಡ ಅಂದ್ರು. ಮೂರನೇ ಸಲ ಹೋದ್ರು."

ಸೈಕಲ್ ತಳ್ಳಿಕೊಂಡು ಅವರನ್ನು ಕೆಳಗೆ ಕರೆತಂದೆ. ಅತ್ತಿಗೆ ಎದ್ದು ನಿಂತು ಅವರ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದರು, ಮೊಣಕೈ ತೊಳೆದು ಬ್ಯಾಂಡೇಜ್ ಸುತ್ತಿದರು. ಅವರು ಕ್ಷಮಿಸಿ ಎಂದಾಗಲೆಲ್ಲ ಇವರು ತಲೆ ಇನ್ನಷ್ಟು ತಗ್ಗಿಸುತ್ತಿದ್ದರು.

ವ್ಯಾನಿನಲ್ಲಿ ಅತ್ತಿಗೆ ನನ್ನ ಪಕ್ಕದ ಸೀಟಿನಲ್ಲಿ ಕೂತರು. ಹಿಂದೆ ಎಲ್ಲರೂ ತೂಕಡಿಸುತ್ತಿದ್ದರು, ಕನ್ನಡಕದವರು ಮಗಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು. ಅರ್ಧ ಘಾಟಿ ಇಳಿದ ಮೇಲೆ ಅತ್ತಿಗೆ ಬಾಯಿ ಬಿಟ್ಟರು.

"ನಾಳೆ ಮಾಲೀಕರಿಗೆ ಹೇಳ್ತೀನಿ. ನನ್ನ ಕೈಲಿ ಇನ್ನಾಗಲ್ಲ."

ಈ ಒಂದು ಮಾತಿಗಾಗಿ ಅಣ್ಣನೂ ನಾನೂ ಎಷ್ಟು ಬೇಡಿಕೊಂಡಿದ್ದೆವೋ. ಈಗ ಬಂತಲ್ಲ, ಸಮಾಧಾನವಾಗಬೇಕಿತ್ತು. ಆಗಲಿಲ್ಲ. ರಸ್ತೆ ನೋಡುತ್ತಾ ಏನಾದರೂ ಹೇಳಬೇಕೆಂದು ಹೇಳಿದೆ.

"ಕಾಲಿಗೆ ಬಲ ಇರೋ ಹುಡುಗರು ಬೇಕಾದಷ್ಟಿದ್ದಾರೆ ಬಿಡಿ ಅತ್ತಿಗೆ. ಯಾರಾದ್ರೂ ಸಿಕ್ಕೇ ಸಿಗ್ತಾರೆ."

"ಅವರು ಬೇಡ," ಎಂದರು. ಅಂಗೈಯಿಂದ ಮಂಡಿ ಒತ್ತಿಕೊಳ್ಳುತ್ತಿದ್ದರು. "ಸುಸ್ತಾಗೋರನ್ನೇ ನೋಡು. ಸುಸ್ತಾದಾಗ್ಲೂ ಬಿಟ್ಟು ಬರದೇ ಇರೋರನ್ನ."