ಅಕ್ಕ ಫೋನಿಗೆ ಬೀಗ ಹಾಕಿಸಿದ್ದು

ಶಿರಾ ಗೇಟಿನ ನನ್ನ ಜೆರಾಕ್ಸ್ ಅಂಗಡಿಯಿಂದ ಈಗಷ್ಟೇ ಒಬ್ಬರು ಎರಡು ಪ್ರತಿ ತೆಗೆಸಿಕೊಂಡು ಹೋದರು. ಅವರು ಕಾಯುತ್ತಿದ್ದ ಅಷ್ಟು ಹೊತ್ತಿನಲ್ಲೇ ಅವರ ಫೋನಿನಿಂದ ಆರು ವಿಡಿಯೋಗಳ ನಗು ಕೇಳಿಸಿತು. ಆರಕ್ಕೂ ಒಂದೇ ನಗು. ಏನಿರಬಹುದೆಂದು ನನ್ನ ಕತ್ತು ಅತ್ತ ವಾಲಿತ್ತು, ಸುಳ್ಳು ಹೇಳುವುದಿಲ್ಲ. ನಿಮ್ಮದೂ ವಾಲುತ್ತಿತ್ತು ಬಿಡಿ. ಆ ನಗು ಕಿವಿಗೆ ಬಿದ್ದಾಗಲೆಲ್ಲ ನನಗೆ ಅಕ್ಕ ನೆನಪಾಗುತ್ತಾಳೆ.

ಅಕ್ಕ ಭಾಗ್ಯ ಚೇಳೂರಿನಲ್ಲಿ ಆಶಾ ಕಾರ್ಯಕರ್ತೆ. ಬಸುರಿಯರನ್ನು ತಪಾಸಣೆಗೆ ಕರೆದೊಯ್ಯುವುದು, ಮಕ್ಕಳ ಲಸಿಕೆಯ ದಿನ ನೆನಪಿಸುವುದು ಅವಳ ಕೆಲಸ. ಯಾವ ಮನೆಯಲ್ಲಿ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಅತ್ತೆ ಕಚ್ಚುತ್ತಾಳೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅಂಥವಳಿಗೂ ರಂಗೋಲಿ ವಿಡಿಯೋಗಳ ಹುಚ್ಚು ಹಿಡಿಯಿತು. ರಂಗೋಲಿಯಿಂದ ಕಸೂತಿ, ಕಸೂತಿಯಿಂದ ಯಾರದೋ ಮನೆಯ ಜಗಳ. ಹೆಬ್ಬೆರಳು ನಿಲ್ಲುತ್ತಲೇ ಇರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಪಕ್ಕದ ಬೀದಿಯ ಶಾಹೀನಾಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಅವಳು ಅಕ್ಕನಿಗೆ ಮೂರು ಸಲ ಫೋನ್ ಮಾಡಿದಳು. ಮೂರು ಸಲವೂ ಫೋನು ಅಕ್ಕನ ಕೈಯಲ್ಲೇ ಇತ್ತು. ಯಾವುದೋ ಕಂಪನಿಯ ಕರೆಯೆಂದುಕೊಂಡು, ಹೆಸರನ್ನೂ ಓದದೆ, ಅದೇ ಹೆಬ್ಬೆರಳಿನಿಂದ ಸರಿಸಿಬಿಟ್ಟಿದ್ದಳು. ಮುಕ್ಕಾಲು ಗಂಟೆಯ ಮೇಲೆ ನೋಡಿಕೊಂಡು ಓಡಿದಾಗ ಆ ಮನೆಯಲ್ಲಿ ಯಾರೂ ಇರಲಿಲ್ಲ. ಪಕ್ಕದವರ ಆಟೋದಲ್ಲಿ ಗುಬ್ಬಿಯ ಆಸ್ಪತ್ರೆ ಸೇರಿದ್ದ ಶಾಹೀನಾ ಹೆಣ್ಣು ಮಗು ಹೆತ್ತಿದ್ದಳು. ತಾಯಿ, ಮಗು ಇಬ್ಬರೂ ಕ್ಷೇಮ. ಹಿಂದೆಯೇ ಹೋದ ಅಕ್ಕನನ್ನು ಕಂಡು ಅವಳು ಬೈಯಲಿಲ್ಲ.

"ನೀವು ಬರ್ತೀರ ಅಂತ ಬಾಗ್ಲಲ್ಲೇ ಕೂತಿದ್ದೆ ಅಕ್ಕಾ" ಎಂದಳಷ್ಟೆ.

ಮರುದಿನ ಮೊದಲ ಬಸ್ಸಿಗೇ ಅಕ್ಕ ನನ್ನ ಅಂಗಡಿಗೆ ಬಂದು ಫೋನನ್ನು ಮೇಜಿನ ಮೇಲಿಟ್ಟಳು. "ಇದುಕ್ಕೊಂದು ಬೀಗ ಹಾಕೋ."

"ಬಟನ್ ಫೋನ್ ತಗೋ, ಪೀಡೆನೇ ಇರಲ್ಲ" ಎಂದೆ, ಮಹಾ ಬುದ್ಧಿವಂತನ ಹಾಗೆ.

"ತಾಯಂದಿರ ಲಿಸ್ಟು, ಲಸಿಕೆ ಡೇಟು ಎಲ್ಲಾ ಇದ್ರಲ್ಲೇ ಕಣೋ ಇರೋದು. ಫೋನ್ ಬೇಕು, ಆ ವಿಡಿಯೋ ಆಪ್‌ಗಳು ಬ್ಯಾಡ. ನಾನೇ ಕೇಳುದ್ರೂ ಪಿನ್ ಕೊಡ್ಬೇಡ."

ಸಂಜೆ ಅರ್ಧ ಗಂಟೆ ಬಿಟ್ಟು ಉಳಿದ ಹೊತ್ತೆಲ್ಲ ಆ ಆಪ್‌ಗಳು ತೆರೆಯದ ಹಾಗೆ ಮಾಡಿ, ನಾಲ್ಕು ಅಂಕಿಯ ಪಿನ್ ಹಾಕಿದೆ. ಐದನೇ ದಿನ ಫೋನ್ ಬಂತು. "ಪಿನ್ ಹೇಳೋ, ಒಂದೇ ಒಂದ್ ನೋಡ್ಬುಡ್ತೀನಿ." ಆ ದನಿಗೆ ಕರಗಿ ಹೇಳಿಬಿಟ್ಟೆ. ಹತ್ತು ನಿಮಿಷಕ್ಕೆ ಮತ್ತೆ ಅವಳದೇ ಫೋನ್.

"ಕೊಡ್ಬೇಡ ಅಂದಿರ್ಲಿಲ್ವೇನ್ಲಾ? ನಿನ್ನ ನಂಬ್ಕೊಂಡು ಕೆಟ್ಟೆ!"

ಆ ಸಂಜೆ ಅಕ್ಕ ಸೀದಾ ಬಾಣಂತಿ ಶಾಹೀನಾಳ ಮನೆಗೆ ಹೋದಳು. ಆ ಮೂರು ಕರೆ ಬಂದಾಗ ತಾನು ಏನು ನೋಡುತ್ತಿದ್ದೆ ಎಂಬುದನ್ನು ಒಂದೂ ಬಿಡದೆ ಹೇಳಿಕೊಂಡಳು. ಅವಳ ಕೈಯಲ್ಲೇ ಹೊಸ ಪಿನ್ ಹಾಕಿಸಿ, ತಾನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳಂತೆ. ಆಮೇಲೆ ಎರಡು ಸಲ ಕೇಳಿದ್ದೂ ಉಂಟು. ಎರಡು ಸಲವೂ ಶಾಹೀನಾ ಮಗುವನ್ನು ಅಕ್ಕನ ಮಡಿಲಿಗೆ ಹಾಕಿ ಒಳಗೆ ಹೋದಳಂತೆ. ಮೂರನೇ ಸಲ ಅಕ್ಕ ಕೇಳಲಿಲ್ಲ.

ಕಳೆದ ತಿಂಗಳು ಕುಣಿಗಲ್ಲಿನಲ್ಲಿ ಅಲ್ಲಿನ ಆಶಾ ಕಾರ್ಯಕರ್ತೆಯರಿಗೆ ಇದನ್ನೇ ಹೇಳಿಕೊಡಲು ಅಕ್ಕನನ್ನು ಕರೆದಿದ್ದರು. ಹಂಚುವ ಹಾಳೆಗಳನ್ನು ಹೊತ್ತುಕೊಂಡು ನಾನೂ ಹೋಗಿದ್ದೆ. ಅವಳು ಆಪ್ ಬಂದ್ ಮಾಡುವುದು ಹೇಗೆಂದು ಆಮೇಲೆ ತೋರಿಸಿದಳು; ಮೊದಲು ಹೇಳಿದ್ದು ಆ ಮೂರು ಕರೆಗಳ ಕಥೆಯನ್ನು. ಹಿಂದಿನ ಸಾಲಿನವಳೊಬ್ಬಳು, "ಮೇಡಂ, ಪಿನ್ನು ಯಾರತ್ರ ಇರ್ಬೇಕು?" ಎಂದಳು.

"ನಮ್ಮಿಂದ ನೋವಾದೋರತ್ರ. ತಮ್ಮನತ್ರ ಮಾತ್ರ ಬ್ಯಾಡ!"

ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನನಗೆ ನಾಚಿಕೆಯಾಗಲಿಲ್ಲ, ಎದೆಯುಬ್ಬಿತು. ಮಾಡಿದ ತಪ್ಪನ್ನು ಮುಚ್ಚಿಡುವುದರಲ್ಲಿ ನಾನು ಪಳಗಿದವನು. ಅಷ್ಟು ಜನರ ಎದುರು ಅದನ್ನು ನೆಟ್ಟಗೆ ನಿಂತು ಹೇಳಿದವಳು ನನ್ನ ಅಕ್ಕ.

ಇದನ್ನೆಲ್ಲ ನೆನೆಯುತ್ತಿರುವಾಗಲೇ ಮಗಳು ಶಾಲೆಯಿಂದ ಅಂಗಡಿಗೆ ಬಂದಳು. ದಿನವೂ ಬಂದು ಏನಾದರೂ ಹೇಳುತ್ತಾಳೆ. ನಾನು ಫೋನು ನೋಡುತ್ತಲೇ ಹೂಂಗುಟ್ಟುತ್ತೇನೆ. ಇವತ್ತು ವಿಡಿಯೋ ಆಪ್‌ಗಳಿಗೆ ಬೀಗ ಹಾಕುವ ಜಾಗ ತೆರೆದು ಫೋನನ್ನು ಅವಳ ಕೈಗೆ ಕೊಟ್ಟು, "ನಾಲ್ಕು ಅಂಕಿ ಹಾಕು ಪುಟ್ಟಿ, ನನಗೆ ಹೇಳ್ಬೇಡ" ಎಂದೆ. ಅಂಗೈ ಅಡ್ಡ ಹಿಡಿದು ಒತ್ತಿದಳು.

"ನೀನ್ ಅತ್ರೂ ಹೇಳಲ್ಲ ಅಪ್ಪಾ" ಎಂದಳು. ಥೇಟ್ ಅವಳ ಸೋದರತ್ತೆಯ ಗತ್ತು.

ಸ್ಟೂಲು ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. "ಈಗ ಹೇಳು, ಇವತ್ತು ಶಾಲೇಲಿ ಏನಾಯ್ತು?"