ಕೂಗು ಹಾಕದ ಬೆಳಿಗ್ಗೆ

ದೆವ್ವ, ಗಾಳಿ ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವಳು. ಕೆಲಸವಿಲ್ಲದವರ ಕಥೆ ಅಂತ ಮುಖಕ್ಕೇ ಹೇಳುತ್ತಿದ್ದೆ. ಈಗ ನನ್ನದೇ ಒಂದನ್ನು ಹೇಳಬೇಕಾಗಿದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಬಾಳ್ಳುಪೇಟೆ ಆಚೆಗಿನ ಒಂದು ಎಸ್ಟೇಟಿಗೆ ನಾನೂ ಜಯಕ್ಕನೂ ಕಾಫಿ ಹಣ್ಣು ಕೊಯ್ಯಲು ಹೋಗುತ್ತಿದ್ದೆವು. ತೋಟಕ್ಕೆ ಇಳಿಯುವ ಮೊದಲು ನಮ್ಮಲ್ಲಿ ಮುಂದಿರುವವರು ಗಟ್ಟಿಯಾಗಿ ಒಂದು ಕೂಗು ಹಾಕುತ್ತಾರೆ. ಆಮೇಲೆ ಎಲ್ಲರೂ ಮಾತು ನಿಲ್ಲಿಸಿ ಕಿವಿಗೊಡಬೇಕು. ಒಳಗೆ ಆನೆ ಇದ್ದರೆ ಕೊಂಬೆ ಮುರಿಯುವ ಸದ್ದೋ, ಲದ್ದಿಯ ವಾಸನೆಯೋ ಗೊತ್ತಾಗುತ್ತದೆ. ಕೂಗು ಹಾಕುವವಳು ಯಾವಾಗಲೂ ಜಯಕ್ಕ. ಅವಳ ಗಂಟಲು ಆನೇಮಹಲ್‌ವರೆಗೂ ಕೇಳುತ್ತದೆ ಅಂತ ರೇಗಿಸುತ್ತಿದ್ದೆವು.

ಆ ವರ್ಷ ಎಸ್ಟೇಟಿನವರು ಹೋಮ್‌ಸ್ಟೇ ಮಾಡಿದರು. ಬಂದವರ ನಿದ್ದೆ ಕೆಡುತ್ತದಂತೆ! ಬೆಳಿಗ್ಗೆ ಯಾರೂ ಕೂಗಬೇಡಿ, ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯಿಂದ ಮೊಬೈಲಿಗೇ ಮೆಸೇಜ್ ಬರುತ್ತದಲ್ಲ ಅಂದರು ನಮ್ಮ ಲೆಕ್ಕ ಬರೆಯುವ ರೈಟರ್. ಕೂಲಿಯವರು ನಾವು, ಬಾಯಿ ಮುಚ್ಚಿಕೊಂಡೆವು.

ಅವತ್ತು ನಾವಿಬ್ಬರೇ ಮೊದಲು ಬಂದಿದ್ದೆವು. ಮಂಜು ಇನ್ನೂ ಸರಿದಿರಲಿಲ್ಲ. "ಬಾರೇ ಬೇಗ, ಮೆಸೇಜ್ ಬಂದೈತೆ, ಆನೆ ಯಸಳೂರು ಕಡೀಕೆ ಹೋಗ್ಬುಟ್ಟೈತಂತೆ" ಅನ್ನುತ್ತಾ ಜಯಕ್ಕ ಮುಂದೆ ನಡೆದಳು. ಜೀಪ್ ರಸ್ತೆಯ ನಡುವೆ ಯಾರೋ ನನ್ನ ಸೊಂಟಕ್ಕೆ ಕಟ್ಟಿದ ಚೀಲ ಹಿಡಿದು ಹಿಂದಕ್ಕೆ ಎಳೆದರು. ಗಿಡಕ್ಕೆ ಸಿಕ್ಕಿತೇನೋ ಅಂತ ತಿರುಗಿದೆ. ಗಿಡ ಮಾರು ದೂರದಲ್ಲಿತ್ತು, ಹಿಂದೆ ಯಾರೂ ಇಲ್ಲ. ಹೆಜ್ಜೆ ಎತ್ತಿದರೆ ಮತ್ತೆ ಎಳೆತ. ಈ ಸಲ ಕುಕ್ಕರಿಸಿ ಬಿದ್ದೆ.

ನಾನು ಬಿದ್ದಲ್ಲಿಂದ ನೋಡುತ್ತಿದ್ದಂತೆಯೇ ತಿರುವಿನಲ್ಲಿ ಒಂಟಿ ಸಲಗ ನುಗ್ಗಿ ಬಂತು. ಜಯಕ್ಕನನ್ನು ಎತ್ತಿ ಚರಂಡಿಗೆ ಎಸೆದು ಹೋಯಿತು.

ಅವಳ ಜೀವ ಉಳಿಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆಮೇಲೆ ಎಸ್ಟೇಟಿನಲ್ಲಿ ನಮಗೆಲ್ಲ ಸುರಕ್ಷತೆಯ ತರಬೇತಿ ಕೊಟ್ಟರು. ಸುತ್ತಮುತ್ತ ಗಮನವಿಟ್ಟು ನಡೆಯಬೇಕಂತೆ. ಥೂ! ನಮ್ಮ ಕೂಗು ನಿಲ್ಲಿಸಿದವರು ಹೇಳುವ ಮಾತಾ ಇದು?

ಚೀಲ ಎಳೆದದ್ದು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಭ್ರಮೆ ಅನ್ನೋಣವೆಂದರೆ ಚೀಲದ ಹಗ್ಗ ಸೊಂಟ ಕೊರೆದ ಗಾಯ ಎಷ್ಟೋ ದಿನ ಉರಿಯಿತು. ದೇವರೇ ಕಾಪಾಡಿದ ಅಂತ ಮನೆಯಲ್ಲಿ ಕಾಯಿ ಒಡೆದರು. ನನಗೆ ಕೈ ಮುಗಿಯಲೂ ಮನಸ್ಸಾಗಲಿಲ್ಲ, ಸಿಟ್ಟೇ ಬಂತು. ಜಯಕ್ಕನ ಹತ್ತಿರ ಮುಚ್ಚಿಡಲಾಗದೆ ಒಂದು ದಿನ ಎಲ್ಲ ಹೇಳಿದೆ. ಅವಳು ಮಲಗಿದಲ್ಲೇ ನನ್ನ ಕಡೆ ಮುಖ ತಿರುಗಿಸಿದಳು.

"ದೇವ್ರೋ ದೆವ್ವವೋ, ಏನಾರ ಇರ್ಲಿ ಕಣೇ" ಅಂದಳು. "ನಾನು ಮುಂದೇನೇ ಇದ್ನಲ್ಲ. ಅದ್ರ ಕಣ್ಣಿಗೆ ನಾನು ಕಾಣ್ಲಿಲ್ವಾ?"